ಘಟಪ್ರಭೆಯ ಬಾಳೆ ಮೀನಿಗೆ ರೇಡಿಯೋ ಟ್ಯಾಗ್ ಹಾಕಿದರೆ ಅದರ ದಾರಿ ತಿಳಿಯುತ್ತಾ?

ಹಿನ್ನೀರ ಬಲೆ (ಬೀಳಗಿ ತಾಲ್ಲೂಕು) ಕೇಳಿದ್ದು:

ನಮ್ಮೂರು ಅನಗವಾಡಿ ಸೇತುವೆ ಹತ್ತಿರ. ಅಪ್ಪ ಘಟಪ್ರಭೆಯಲ್ಲಿ ಬಲೆ ಬೀಸಿಯೇ ನಮ್ಮನ್ನು ಓದಿಸಿದರು. ಕೆಂಪು ನೀರು ಬಂದ ಮೂರನೇ ದಿನಕ್ಕೆ ಬಾಳೆ ಮೀನು ಮೇಲಕ್ಕೆ ಹತ್ತುತ್ತವೆ ಅನ್ನುವುದು ಅವರ ಲೆಕ್ಕ. ತತ್ತಿ ತುಂಬಿದ್ದು ಬಲೆಗೆ ಬಿದ್ದರೆ ಹೊಟ್ಟೆ ಸವರಿ ನೋಡಿ ವಾಪಸ್ ಬಿಡುತ್ತಿದ್ದರು. ಒಮ್ಮೆ ನನ್ನ ಎದೆಮಟ್ಟದಷ್ಟು ಉದ್ದದ್ದು ಬಿದ್ದಿತ್ತು. ಆಗ ನಾನು ಐದನೇ ತರಗತಿ. ಈಗ ಮೊಳದುದ್ದದ್ದು ಸಿಕ್ಕರೆ ಜಾಸ್ತಿ.

ಆಲಮಟ್ಟಿ 519.60 ಮೀಟರ್‌ಗೆ ತುಂಬಿದಾಗ ನಮ್ಮಲ್ಲಿ ನದಿ ಯಾವುದು, ಹಿನ್ನೀರು ಯಾವುದು ಅಂತಲೇ ಗೊತ್ತಾಗುವುದಿಲ್ಲ. ಮೇಲೆ ಮುಧೋಳದ ಕಡೆ ನೀರು ನಿಲ್ಲಿಸಲು ನದಿಗೆ ಅಡ್ಡ ಕಟ್ಟಿದ ಬಾಂದಾರಗಳು ಸಾಲಾಗಿವೆ. ಮೀನು ಅವನ್ನು ದಾಟುತ್ತವೋ, ಬುಡದಲ್ಲೇ ಸಿಕ್ಕಿಕೊಳ್ಳುತ್ತವೋ? ಹುಲಿಗೆ ಕಾಲರ್ ಹಾಕಿದ ಹಾಗೆ ಇವಕ್ಕೂ ಟ್ಯಾಗ್ ಹಾಕಿ ಮೊಬೈಲಲ್ಲಿ ನೋಡಬಹುದಾ?

ದಂಡೆಯ ನಡಿಗೆ (ಬೆಳಗಾವಿ):

ಮೊಬೈಲಲ್ಲಿ ಕಾಣುವುದಿಲ್ಲ. ಜಿಪಿಎಸ್ ನೀರೊಳಗೆ ಕೆಲಸ ಮಾಡುವುದಿಲ್ಲ. ನಾನು ಎರಡು ಹಂಗಾಮು ಒಂದು ಬೆಟ್ಟದ ನದಿಯಲ್ಲಿ ಈ ಕೆಲಸಕ್ಕೆ ಸಹಾಯಕನಾಗಿದ್ದೆ. ನೋಡಿದ್ದನ್ನು ಹೇಳುತ್ತೇನೆ.

ಲವಂಗದೆಣ್ಣೆ ಬೆರೆಸಿದ ನೀರಲ್ಲಿ ಮೀನನ್ನು ಮಂಪರಿಗೆ ತರುತ್ತಾರೆ. ಒದ್ದೆ ಸ್ಪಂಜಿನ ಮೇಲೆ ಅಂಗಾತ ಮಲಗಿಸುತ್ತಾರೆ. ಕಿವಿರು ಒಣಗದಂತೆ ಒಬ್ಬರು ಬಾಯಿಗೆ ಸಣ್ಣ ಕೊಳವೆಯಿಂದ ನೀರು ಬಿಡುತ್ತಲೇ ಇರಬೇಕು. ಅದು ನನ್ನ ಕೆಲಸ. ಹೊಟ್ಟೆಯಲ್ಲಿ ಹೆಬ್ಬೆರಳಗಲ ಸೀಳಿ, ಟ್ಯಾಗ್ ಇಟ್ಟು, ಎರಡು ಮೂರು ಹೊಲಿಗೆ. ಕೂದಲಿನಂಥ ಆಂಟೆನಾ ಮಾತ್ರ ಹೊರಗೆ. ಆಮೇಲೆ ಮೀನನ್ನು ಹರಿವಿಗೆ ಎದುರಾಗಿ ಹಿಡಿದು ನಿಲ್ಲಬೇಕು. ಒಂದು ಹಂತದಲ್ಲಿ ಅದು ಬಾಲ ಬಡಿದು ಕೈಯಿಂದ ಜಾರಿಕೊಳ್ಳುತ್ತದೆ. ಆ ಬಡಿತ ಈಗಲೂ ಅಂಗೈಯಲ್ಲಿದೆ.

ಟ್ಯಾಗಿನ ತೂಕ ಮೀನಿನ ತೂಕದ ನೂರಕ್ಕೆ ಎರಡರಷ್ಟು ಮೀರಬಾರದು ಅಂತ ಸಾಮಾನ್ಯ ಲೆಕ್ಕ. ಒಂದು ಕೆಜಿ ಮೀನಿಗೆ 20 ಗ್ರಾಂ. ಬ್ಯಾಟರಿ ಚಿಕ್ಕದಾದಷ್ಟೂ ಬೇಗ ಮುಗಿಯುತ್ತದೆ. ಪ್ರತಿ ಟ್ಯಾಗಿಗೂ ತನ್ನದೇ ತರಂಗಾಂತರ ಅಥವಾ ಕೋಡ್ ಇರುತ್ತದೆ. ನಾವು ಟಿವಿ ಆಂಟೆನಾದಂಥದ್ದನ್ನು ಹಿಡಿದು ದಂಡೆ ಮೇಲೆ ನಡೆಯುತ್ತಾ ಟಿಕ್ ಟಿಕ್ ಸದ್ದು ಯಾವ ದಿಕ್ಕಿಗೆ ಜೋರು ಅಂತ ಹುಡುಕುತ್ತಿದ್ದೆವು.

ನಿಮ್ಮ ತೊಂದರೆ ಆಳ. ನೀರು ಆಳವಾದಷ್ಟೂ, ಅದರಲ್ಲಿ ಲವಣ ಹೆಚ್ಚಿದಷ್ಟೂ ರೇಡಿಯೋ ಸಂಕೇತ ಸಾಯುತ್ತದೆ. ಹಿನ್ನೀರಿಗೆ ಶಬ್ದದ ಟ್ಯಾಗ್ ಬೇಕು. ಅದನ್ನು ನೀರೊಳಗೆ ಇಳಿಬಿಟ್ಟ ಹೈಡ್ರೋಫೋನ್ ಕೇಳಿಸಿಕೊಳ್ಳುತ್ತದೆ. ಮೇಲಿನ ತೆಳು ನೀರಿಗೆ ರೇಡಿಯೋ ಸರಿ. ಎರಡೂ ಇರುವ ಟ್ಯಾಗ್ ಕೂಡ ಸಿಗುತ್ತದೆ, ಆದರೆ ತೂಕ ಜಾಸ್ತಿ.

ಕಬ್ಬಿನ ಗದ್ದೆ (ಮಹಾಲಿಂಗಪುರ):

ನಮ್ಮ ಹೊಲ ಢವಳೇಶ್ವರ ಸೇತುವೆ ದಾರಿಯಲ್ಲಿದೆ. ಮಹಾಪೂರ ಬಂದಾಗ ಸೇತುವೆಯೇ ಮುಳುಗುತ್ತದೆ, ಅಲ್ವಾ? ಆಗ ಮೇಲೆ ಕೆಳಗೆ ನೀರು ಒಂದೇ ಮಟ್ಟ. ಮೀನಿಗೆ ಬಾಂದಾರ ಇದ್ದೂ ಇಲ್ಲದ ಹಾಗೆ. ಕಷ್ಟ ಇರುವುದು ವಾಪಸ್ ಬರುವಾಗ. ಮಳೆ ನಿಂತ ಮೇಲೆ ನೀರು ಹಿಡಿಯಲು ಬಾಂದಾರದ ಕಂಡಿಗಳಿಗೆ ಹಲಗೆ ಹಾಕುತ್ತಾರೆ. ತಡವಾಗಿ ಇಳಿಯುವ ಮರಿಗಳು ಮಡುವಿನಲ್ಲೇ ಉಳಿಯುತ್ತವೆ. ಬೇಸಿಗೆಯಲ್ಲಿ ಆ ಮಡು ಬತ್ತಿದಾಗ ಬುಟ್ಟಿಗಟ್ಟಲೆ ಬಾಚುವುದನ್ನು ಕಣ್ಣಾರೆ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಹಿನ್ನೀರ ಬಲೆ:

ಇದು ನನಗೆ ಹೊಳೆದೇ ಇರಲಿಲ್ಲ. ಹತ್ತುವುದನ್ನೇ ಯೋಚಿಸುತ್ತಿದ್ದೆ, ಇಳಿಯುವುದನ್ನಲ್ಲ. ಆದರೆ ಗೇಣುದ್ದದ ಮರಿಗೆ ಟ್ಯಾಗ್ ಹೇಗೆ?

ದಂಡೆಯ ನಡಿಗೆ:

ಮರಿಗೆ ಪಿಐಟಿ ಟ್ಯಾಗ್ ಇದೆ. ಅಕ್ಕಿಕಾಳಿಗಿಂತ ತುಸು ದೊಡ್ಡದು, 12 ಮಿಲಿಮೀಟರ್. ಬ್ಯಾಟರಿ ಇಲ್ಲ. ಆದರೆ ಅದರ ಕೋಡ್ ಓದುವ ಯಂತ್ರದ ತೀರಾ ಹತ್ತಿರ ಹಾದರೆ ಮಾತ್ರ ಗೊತ್ತಾಗುತ್ತದೆ. ಬಾಂದಾರದ ಕಂಡಿಯಂಥ ಇಕ್ಕಟ್ಟಿನ ಜಾಗಕ್ಕೆ ಅದೇ ಸರಿ. ದೊಡ್ಡ ಮೀನಿಗೆ ರೇಡಿಯೋ ಹಾಕಿ, ಬಾಂದಾರದ ಮೇಲೊಂದು ಕೆಳಗೊಂದು ರಿಸೀವರ್ ಕಟ್ಟಿದರೆ ಯಾವ ದಿನ ದಾಟಿತು ಅಂತ ತಾನೇ ಬರೆದಿಡುತ್ತದೆ. ಸುಮ್ನೆ ಸ್ವಂತಕ್ಕೆ ಮಾಡಲು ಹೋಗಬೇಡಿ. ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು, ತರಂಗಾಂತರಕ್ಕೆ ಪರವಾನಗಿ ಬೇಕು, ಕೊಯ್ಯುವ ಕೈ ಪಳಗಿರಬೇಕು. ಮೀನುಗಾರಿಕೆ ಕಾಲೇಜಿನವರನ್ನು ಜೊತೆಗೆ ಕರೆದುಕೊಳ್ಳಿ.

ಇನ್ನೊಂದು ಮಾತು. ನಮ್ಮ ಒಂದು ಟ್ಯಾಗ್ ಹನ್ನೊಂದು ದಿನ ಒಂದೇ ಕಡೆಯಿಂದ ಮಿಡಿಯಿತು. ಮೀನು ಸತ್ತಿದೆ ಅಂದುಕೊಂಡೆವು. ಹೋಗಿ ನೋಡಿದರೆ ಮೀನುಗಾರರೊಬ್ಬರ ಗುಡಿಸಲಿನ ಗೂಡಲ್ಲಿ, ದೇವರ ಫೋಟೋ ಪಕ್ಕ ಇತ್ತು. ಏನೋ ಬೆಲೆಬಾಳುವುದು, ಯಾರಾದರೂ ಹುಡುಕಿಕೊಂಡು ಬರುತ್ತಾರೆ ಅಂತ ಜೋಪಾನವಾಗಿ ಇಟ್ಟಿದ್ದರಂತೆ. ನಾವು ಮೊದಲೇ ಅವರ ಮನೆಗೆ ಹೋಗಿ ಹೇಳಬೇಕಿತ್ತು. ನಿಮ್ಮಲ್ಲಿ ಆ ಕೆಲಸ ನಿಮ್ಮ ಅಪ್ಪನಷ್ಟು ಚೆನ್ನಾಗಿ ಯಾರೂ ಮಾಡಲಾರರು.

ಹಿನ್ನೀರ ಬಲೆ:

ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಲವಂಗದೆಣ್ಣೆಯ ಮಾತನ್ನು ಎರಡು ಸಲ ಕೇಳಿದರು. ಮಹಾಲಿಂಗಪುರದವರೇ, ಈ ಸಲ ಹಲಗೆ ಹಾಕುವ ಮೊದಲು ತಿಳಿಸುತ್ತೀರಾ? ಅಪ್ಪನನ್ನು ಕರೆದುಕೊಂಡು ಬರುತ್ತೇನೆ. ಟ್ಯಾಗ್ ಆಮೇಲೆ. ಮೊದಲು ಆ ಮಡುವಿನಲ್ಲಿ ಯಾವ ಯಾವ ಮರಿ ಇವೆ ಅಂತ ನೋಡಿ ಬರೆದಿಡುತ್ತೇವೆ.