ಪಿಟೀಲು ಕಲಿಯುವ ಮಗು ಅಪಲಾಚಿಯಾದ ಫಿಡಲ್ ಜಾಮ್‌ಗೆ ಹೋದರೆ ಕೈ ಕೆಡುತ್ತದೆಯೇ?

ಬ್ಲ್ಯಾಕ್ಸ್‌ಬರ್ಗ್, ವರ್ಜೀನಿಯಾ:
ಮಗಳಿಗೆ ಹತ್ತು ವರ್ಷ. ಝೂಮ್‌ನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಪಾಠ ನಡೆಯುತ್ತಿದೆ. ಅಲಂಕಾರ ಮುಗಿದು ಗೀತೆ ಶುರುವಾಗಿದೆ. ಶಾಲೆಯ ಗೆಳತಿಯರು ಸಂಜೆ ಫಿಡಲ್ (ಇಲ್ಲಿನ ಜನಪದ ಶೈಲಿಯಲ್ಲಿ ನುಡಿಸುವ ಅದೇ ಪಿಟೀಲು), ಬ್ಯಾಂಜೊ ಎಂಬ ತಂತಿವಾದ್ಯ ಕಲಿಯಲು, ಎಲ್ಲರೂ ಸೇರಿ ನುಡಿಸುವ ಜಾಮ್‌ಗೆ ಹೋಗುತ್ತಾರೆ, ಇವಳಿಗೂ ಹೋಗಬೇಕಂತೆ. ಶ್ರುತಿ ಬೇರೆ, ಹಿಡಿಯುವ ರೀತಿ ಬೇರೆ, ಇದ್ದದ್ದೂ ಕೆಡುತ್ತದೆ ಅಂತ ಊರಿನಿಂದ ಅಜ್ಜಿಯ ಆಕ್ಷೇಪ. ಗೊತ್ತಿರುವವರು ಹೇಳಿ.

ರೋನೋಕ್, ವರ್ಜೀನಿಯಾ:
ಮೇಡಂ, ಶ್ರುತಿಯ ಚಿಂತೆ ಮೊದಲು ಬಿಡಿ. ಅಂಗಡಿಯಿಂದ ಬರುವ ವಯಲಿನ್ ದಪ್ಪ ತಂತಿಯಿಂದ ಸಣ್ಣ ತಂತಿಗೆ, ಪಾಶ್ಚಾತ್ಯ ಸ್ವರಗಳ ಹೆಸರಲ್ಲಿ, ಜಿ-ಡಿ-ಎ-ಇ. ಆದರೆ ಈ ಅಪಲಾಚಿಯಾ ಬೆಟ್ಟಸೀಮೆಯ ಹಳೇ ಫಿಡಲ್‌ಗಾರರು ಎ ಶ್ರುತಿಯ ಎಷ್ಟೋ ಟ್ಯೂನ್‌ಗಳಿಗೆ ದಪ್ಪ ತಂತಿಗಳೆರಡನ್ನೂ ಒಂದೊಂದು ಸ್ವರ ಏರಿಸಿ ಎ-ಇ-ಎ-ಇ ಮಾಡಿಕೊಳ್ಳುತ್ತಾರೆ. ಇದು ನಮ್ಮ ಸ-ಪ-ಸ-ಪ ಅಲ್ಲದೆ ಇನ್ನೇನೂ ಅಲ್ಲ! ಎಲೆಕ್ಟ್ರಾನಿಕ್ ತಂಬೂರಿಯಲ್ಲಿ ಶ್ರುತಿಯನ್ನು 6ಕ್ಕೆ ಇಟ್ಟು ನೋಡಿ, ಸರಿಯಾಗಿ ಕೂರುತ್ತದೆ. ಜಿ ಶ್ರುತಿಗೆ ಜಿ-ಡಿ-ಜಿ-ಡಿ, ಅಂದರೆ ನಮ್ಮ 5. ಸರಳೆ ವರಸೆಯಲ್ಲಿ ಪಳಗಿದ ಬೆರಳಿಗೆ ಇಲ್ಲಿ ಹೊಸದಾಗಿ ಜಾಗ ಹುಡುಕುವ ಕೆಲಸವಿಲ್ಲ.

ತೊಡಕಾಗುವುದು ಡಿ ಶ್ರುತಿಯ ಟ್ಯೂನ್‌ಗಳಲ್ಲಿ. ಅದಕ್ಕೆ ಮಾಮೂಲಿ ಜಿ-ಡಿ-ಎ-ಇ ಬೇಕು. ಆಗ ಖಾಲಿ ತಂತಿಗಳು ದಪ್ಪದಿಂದ ಸಣ್ಣಕ್ಕೆ ಮ-ಸ-ಪ-ರಿ ಆಗುತ್ತವೆ, ಮಗು ತಬ್ಬಿಬ್ಬಾಗುತ್ತದೆ. ಒಂದೆರಡು ವಾರ ಆ ಶ್ರುತಿಯಲ್ಲಿ ಬರೀ ಶಂಕರಾಭರಣದ ಆರೋಹಣ ಅವರೋಹಣ ನುಡಿಸಿಸಿ.

ಒಂದೇ ವಾದ್ಯವನ್ನು ದಿನಾ ಏರಿಸಿ ಇಳಿಸಬೇಡಿ. ತಂತಿ ನೆಲೆಗೊಳ್ಳುವುದಿಲ್ಲ, ಹಳೇ ತಂತಿಯಾದರೆ ಬಿರಡೆ ತಿರುಗಿಸುವಾಗಲೇ ಪಟ್ ಅನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ತಂತಿ ಬಿಗಿದಾಗಲೆಲ್ಲ ಕುದುರೆಯ (ತಂತಿಗಳನ್ನು ಹೊತ್ತು ನಿಂತ ಮರದ ತುಂಡು) ತಲೆ ಬಿರಡೆಗಳ ಕಡೆಗೆ ವಾಲುತ್ತದೆ. ಗಮನಿಸದೆ ಬಿಟ್ಟರೆ ಒಂದು ದಿನ ಅಡ್ಡ ಬೀಳುತ್ತದೆ. ಶ್ರುತಿ ಮಾಡಿದ ಮೇಲೆ ಎರಡೂ ಕೈಯ ಬೆರಳುಗಳಿಂದ ಅದನ್ನು ಮೆಲ್ಲನೆ ನೆಟ್ಟಗೆ ಮಾಡುವುದನ್ನು ಮಗುವಲ್ಲ, ಮೊದಲು ನೀವು ಕಲಿಯಿರಿ. ಫಿಡಲ್‌ಗೆಂದೇ ಇನ್ನೊಂದನ್ನು ಬಾಡಿಗೆಗೆ ತರುವುದು ಒಳ್ಳೆಯದು. ಮಗುವಿನ ತೋಳು ಅಳೆದು ಅರ್ಧವೋ ಮುಕ್ಕಾಲೋ ಸೈಜ್ ಕೊಡುತ್ತಾರೆ. ಸ್ಟೀಲ್ ತಂತಿ ಹಾಕಿಸಿಕೊಳ್ಳಿ.

ಇನ್ನು ಕೈ. ನಮ್ಮಲ್ಲಿ ವಾದ್ಯದ ತಲೆ ಪಾದದ ಮೇಲೆ ಕೂರುವುದರಿಂದ ಎಡಗೈಗೆ ಭಾರವಿಲ್ಲ, ಜಾರು ಸಲೀಸು. ಫಿಡಲನ್ನು ಭುಜದ ಮೇಲೋ ಎದೆಗೆ ಆನಿಸಿಯೋ ಹಿಡಿದಾಗ ಅಂಗೈಯೇ ಆಸರೆ. ಈ ಅಭ್ಯಾಸ ಪಾಠಕ್ಕೆ ಬಂದುಬಿಟ್ಟರೆ ಗಮಕ ಬಿಗಿಯಾಗುತ್ತದೆ. ಅಜ್ಜಿಯ ಮಾತಿನಲ್ಲಿ ನಿಜ ಇರುವುದು ಇಲ್ಲಿ ಮಾತ್ರ. ಹಾಗಾಗಿ ಒಂದೇ ದಿನ ಎರಡೂ ಬೇಡ. ಫಿಡಲ್ ದಿನ ಫಿಡಲ್ ಅಷ್ಟೇ.

ಷಾರ್ಲಟ್, ನಾರ್ತ್ ಕೆರೊಲೈನಾ:
ಇದಕ್ಕೆ ನನ್ನ ಒಪ್ಪಿಗೆ ಇಲ್ಲ ಸರ್. ವರ್ಣಕ್ಕೆ ಬರುವ ತನಕ ಫಿಡಲ್ ಬೇಡವೇ ಬೇಡ, ಮ್ಯಾಂಡೊಲಿನ್ ಕೊಡಿಸಿ. ಅದೇ ಜಿ-ಡಿ-ಎ-ಇ, ಬೆರಳು ಬೀಳುವ ಕ್ರಮ ಹೆಚ್ಚುಕಡಿಮೆ ಅದೇ, ಮೆಟ್ಟಿಲು ಇರುವುದರಿಂದ ಅಪಸ್ವರದ ಭಯವಿಲ್ಲ, ಪಿಟೀಲಿನ ಭಂಗಿಗೂ ಧಕ್ಕೆಯಿಲ್ಲ. ತಂತಿ ಜೋಡಿಜೋಡಿಯಾಗಿ ಎಂಟು ಇರುವುದರಿಂದ ಮೊದಲ ವಾರಗಳಲ್ಲಿ ಬೆರಳ ತುದಿ ನೋಯುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ.

ಯಾವ ವಾದ್ಯವಾದರೂ ನಮ್ಮ ಮಕ್ಕಳು ಎಡವುವುದು ಸ್ವರದಲ್ಲಲ್ಲ, ನಡೆಯಲ್ಲಿ. ಸಾಮಾನ್ಯ ಟ್ಯೂನ್‌ಗೆ ಎರಡು ಭಾಗ, ಪ್ರತಿ ಭಾಗ ಎರಡೆರಡು ಸಲ. ಕಾಲು ತಟ್ಟುವ ಲೆಕ್ಕದಲ್ಲಿ ಒಂದು ಭಾಗಕ್ಕೆ 16 ಪೆಟ್ಟು, ಅಂದರೆ ಆದಿತಾಳದ ಎರಡು ಆವರ್ತ. ಇಡೀ ಟ್ಯೂನ್ ಎಂಟು ಆವರ್ತ, ಸುಮಾರು ಅರ್ಧ ನಿಮಿಷ. ಲೆಕ್ಕ ನಮ್ಮದೇ, ಒತ್ತು ಬೇರೆ: ಪೆಟ್ಟಿನ ಮೇಲೆ ಎಷ್ಟೋ, ಅದರ ನಡುವೆ ಕಾಲು ಎತ್ತುವಲ್ಲಿಯೂ ಅಷ್ಟೇ. ಕಮಾನಿನಲ್ಲಿ ಅದು ಒಂದು ಉದ್ದ, ಎರಡು ಗಿಡ್ಡ, ಒಂದು ಉದ್ದ, ಎರಡು ಗಿಡ್ಡ ಹೀಗೆ ಬರುತ್ತದೆ. ಖಾಲಿ ತಂತಿಯಲ್ಲಿ ಇದೊಂದೇ ಬರುವ ತನಕ ಟ್ಯೂನ್ ಮುಟ್ಟಿಸಬೇಡಿ. ಸ್ವರವೆಲ್ಲ ಸರಿ ಇದ್ದು ಈ ನೂಕು ಇಲ್ಲದಿದ್ದರೆ ಕುಣಿಯುವವರ ಕಾಲು ಏಳುವುದಿಲ್ಲ. ಈ ಸಂಗೀತ ಇರುವುದೇ ಕುಣಿತಕ್ಕೆ. ಗಮಕವನ್ನೂ ಮನೆಯಲ್ಲೇ ಬಿಟ್ಟು ಹೋಗಬೇಕು. ಹಳೇ ಶೈಲಿಯ ಜಾಮ್‌ನಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಟ್ಯೂನ್ ನುಡಿಸುತ್ತಾರೆ, ಒಬ್ಬರು ಕಂಪಿಸಿದರೆ ಉಳಿದವರ ಸ್ವರ ಕಲಸಿಹೋಗುತ್ತದೆ. ಸರದಿಯಂತೆ ಒಬ್ಬೊಬ್ಬರೇ ಮೆರೆಯುವುದು ಬ್ಲೂಗ್ರಾಸ್. ಅದು 1940ರ ದಶಕದಲ್ಲಿ ಬಿಲ್ ಮನ್ರೋ ತಂಡದಿಂದ ರೂಪ ಪಡೆದದ್ದು. ಶುರುವಿನವರಿಗೆ ಹಳೇ ಶೈಲಿಯೇ ವಾಸಿ.

ಮೊದಲ ಟ್ಯೂನ್‌ಗೆ 'ಏಂಜಲೀನ್ ದ ಬೇಕರ್' ಆಗಬಹುದು, ಡಿ ಶ್ರುತಿ, ಮೋಹನದ ಐದೇ ಸ್ವರ. ಆಮೇಲೆ 'ಓಲ್ಡ್ ಜೋ ಕ್ಲಾರ್ಕ್', ಎ ಶ್ರುತಿ. ಅದರ ನಿಷಾದ ಕೈಶಿಕಿ, ಅಂದರೆ ತಗ್ಗಿನ ನಿ. ಹರಿಕಾಂಭೋಜಿ ಅಂದುಕೊಂಡರೆ ಸಾಕು. ಶಂಕರಾಭರಣದ ಅಭ್ಯಾಸದಲ್ಲಿ ಏರಿನ ಕಾಕಲಿ ನಿಷಾದ ಹಿಡಿದರೆ ಎಲ್ಲರೂ ತಿರುಗಿ ನೋಡುತ್ತಾರೆ.

ರೋನೋಕ್, ವರ್ಜೀನಿಯಾ:
ಮ್ಯಾಂಡೊಲಿನ್ ಸಲಹೆ ಸರಿಯೇ. ಆದರೆ ಮಗು ಕೇಳಿದ್ದು ಫಿಡಲ್!

ಎಲ್ಲಿ ಕಲಿಯುವುದು ಅಂದರೆ, ಜೂನಿಯರ್ ಅಪಲಾಚಿಯನ್ ಮ್ಯುಸಿಶಿಯನ್ಸ್ ಅಂತ ಶಾಲೆ ಬಿಟ್ಟ ಮೇಲಿನ ತರಗತಿಗಳಿವೆ. ನಾರ್ತ್ ಕೆರೊಲೈನಾದ ಆಲಿಗೇನಿ ಕೌಂಟಿಯಲ್ಲಿ 2000ದಲ್ಲಿ ಹೆಲೆನ್ ವೈಟ್ ಶುರು ಮಾಡಿದ್ದು, ಈಗ ಹಲವು ಕೌಂಟಿಗಳಲ್ಲಿದೆ. ಪುಸ್ತಕವಿಲ್ಲ, ನಮ್ಮಂತೆಯೇ ಕೇಳಿ ಕಲಿಯುವುದು. ಕ್ರಿಶ್ಚಿಯನ್ಸ್‌ಬರ್ಗ್‌ನಿಂದ 8ನೇ ನಂಬರ್ ರಸ್ತೆಯಲ್ಲಿ ಸುಮಾರು 20 ಮೈಲಿ ಹೋದರೆ ಫ್ಲಾಯ್ಡ್. ಅಲ್ಲಿನ ಕಂಟ್ರಿ ಸ್ಟೋರ್‌ನಲ್ಲಿ ಶುಕ್ರವಾರ ರಾತ್ರಿ ಮೊದಲು ಭಕ್ತಿಗೀತೆ, ಆಮೇಲೆ ಕುಣಿತ; ಬೆಚ್ಚಗಿನ ದಿನಗಳಲ್ಲಿ ಹೊರಗೆ ಬೀದಿಬದಿಯಲ್ಲೂ ಗುಂಪುಗುಂಪಾಗಿ ನುಡಿಸುತ್ತಾರೆ. ಮಗು ಮೊದಲು ಹೊರಸುತ್ತಿನಲ್ಲಿ ಕೂತು ಕೇಳಲಿ. ಒಂದೇ ಟ್ಯೂನ್ ಎಷ್ಟೋ ಸುತ್ತು ತಿರುಗುತ್ತದೆ, ಅಷ್ಟರಲ್ಲಿ ಅರ್ಧ ಕೈಗೆ ಬರುತ್ತದೆ. ತಾಸುಗಟ್ಟಲೆ ಒಂದೇ ಶ್ರುತಿಯಲ್ಲಿ ಇರುತ್ತಾರೆ, ಬ್ಯಾಂಜೊ ಶ್ರುತಿ ಬದಲಿಸುವುದು ರೇಜಿಗೆಯ ಕೆಲಸ. ನಡುವೆ 'ಡಿ ಟ್ಯೂನ್ ನುಡಿಸೋಣವಾ' ಅನ್ನಬೇಡಿ. ತಂಬೂರಿ ಆ್ಯಪ್ ದಯವಿಟ್ಟು ಬೇಡ.

ಗೇಲ್ಯಾಕ್ಸ್‌ನ ಓಲ್ಡ್ ಫಿಡ್ಲರ್ಸ್ ಕನ್ವೆನ್ಶನ್ 1935ರಿಂದ ಇದೆ, ಆಗಸ್ಟ್ ಎರಡನೇ ವಾರ, ಫೆಲ್ಟ್ಸ್ ಪಾರ್ಕ್‌ನಲ್ಲಿ. ಸ್ಪರ್ಧೆಗಿಂತ ಸುತ್ತಲಿನ ಡೇರೆಗಳ ನಡುವೆ ಅಡ್ಡಾಡಿದರೆ ಹೆಚ್ಚು ಕಲಿಯಬಹುದು. ಮಡಿಸುವ ಕುರ್ಚಿ, ಮಳೆಗೆ ವಾದ್ಯ ಮುಚ್ಚಲು ಪ್ಲಾಸ್ಟಿಕ್ ಒಯ್ಯಿರಿ.

ಡರಹಮ್, ನಾರ್ತ್ ಕೆರೊಲೈನಾ:
ಮಕ್ಕಳಿಗೆ ಇದನ್ನು 'ಬಿಳಿಯರ ಸಂಗೀತ' ಅಂತ ಪರಿಚಯಿಸಬೇಡಿ, ತಪ್ಪು. ಬ್ಯಾಂಜೊ ಬಂದದ್ದು ಗುಲಾಮರಾಗಿ ಬಂದ ಪಶ್ಚಿಮ ಆಫ್ರಿಕದವರ ಸೋರೆಬುರುಡೆಯ ವಾದ್ಯಗಳಿಂದ. ಅದರ ಗಿಡ್ಡ ಐದನೇ ತಂತಿ ತಂಬೂರಿಯಂತೆ ಒಂದೇ ಸ್ವರ ಹಿಡಿದಿರುತ್ತದೆ. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಕರಿಯರಿಗೆ ಒಂದು ಪಟ್ಟಿ, ಬೆಟ್ಟದ ಬಿಳಿಯರಿಗೆ ಇನ್ನೊಂದು ಅಂತ ಬೇರ್ಪಡಿಸಿ ಮಾರಿದವು. ಕಪ್ಪು ಫಿಡಲ್‌ಗಾರರು ಮರೆಗೆ ಸರಿದರು. ನಮ್ಮ ಪಕ್ಕದ ಮೆಬೇನ್‌ನ ಜೋ ಥಾಂಪ್ಸನ್ 2012ರಲ್ಲಿ ತೀರಿಕೊಳ್ಳುವ ಮೊದಲು ಆ ಬಾನಿಯನ್ನು ಕ್ಯಾರೊಲೈನಾ ಚಾಕ್ಲೆಟ್ ಡ್ರಾಪ್ಸ್ ಎಂಬ ಯುವ ತಂಡಕ್ಕೆ ದಾಟಿಸಿದರು.

ಹಂಟ್ಸ್‌ವಿಲ್, ಅಲಬಾಮಾ:
ದಕ್ಷಿಣಕ್ಕೆ ಬರುವವರಿಗೆ ಇನ್ನೊಂದು ದಾರಿ. ವಾದ್ಯವೇ ಬೇಡದ ಸೇಕ್ರೆಡ್ ಹಾರ್ಪ್ ಎಂಬ ಸಮೂಹ ಗಾಯನ, ಅದೇ ಹೆಸರಿನ ಪುಸ್ತಕ 1844ರದ್ದು. ಸ್ವರಕ್ಕೆ ಆಕಾರವಿದೆ: ತ್ರಿಕೋನ ಫಾ, ದುಂಡಗಿನದು ಸೋಲ್, ಚೌಕ ಲಾ, ವಜ್ರಾಕೃತಿ ಮಿ. ಸ-ರಿ-ಗ ಅಂದರೆ ಫಾ-ಸೋಲ್-ಲಾ, ಮ-ಪ-ದ ಮತ್ತೆ ಫಾ-ಸೋಲ್-ಲಾ, ನಿ ಮಾತ್ರ ಮಿ. ಶಾಲೆಯಲ್ಲಿ ದೋ-ರೇ-ಮಿ ಕಲಿತ ಮಕ್ಕಳಿಗೆ ಮಿ ಅಂದರೆ ಗ, ಹಾಗಾಗಿ ಗೊಂದಲ. ಸರಿಗಮದ ಮೂಲಕ ಹೇಳಿಕೊಡಿ. ಷಡ್ಜ ಲಾ ಮೇಲೆ ಬಂದರೆ ಬರಹದಲ್ಲಿ ನಠಭೈರವಿ. ಆದರೆ ಹಳೇ ಗಾಯಕರು ಧೈವತ ಏರಿಸುತ್ತಾರೆ, ಬಾಯಲ್ಲಿ ಖರಹರಪ್ರಿಯ!

ನಾಲ್ಕು ಧ್ವನಿಯವರು ಚೌಕವಾಗಿ ಎದುರುಬದುರು ಕೂರುತ್ತಾರೆ. ಮೊದಲು ಸ್ವರ, ಆಮೇಲೆ ಸಾಹಿತ್ಯ. ಕೇಳುಗರಿಲ್ಲ, ಬಂದವರೆಲ್ಲ ಹಾಡಬೇಕು. ಮಕ್ಕಳೂ ನಡುವೆ ನಿಂತು ಕೈಯಲ್ಲಿ ತಾಳ ಹಾಕುತ್ತಾ ಮುನ್ನಡೆಸಬಹುದು. ಸಾಹಿತ್ಯ ಬಹುಪಾಲು ಕ್ರೈಸ್ತ, ಸಾವಿನ ಮಾತು ಬಹಳ. ಮೊದಲೇ ಓದಿ ನಿರ್ಧರಿಸಿ. ಮಧ್ಯಾಹ್ನದ ಊಟ ಎಲ್ಲರೂ ತಂದು ಹಂಚುವುದು. ಸಸ್ಯಾಹಾರಿಗಳು ಹುರುಳಿಕಾಯಿ ನೋಡಿ ನಂಬಬೇಡಿ, ಹಂದಿಮಾಂಸ ಹಾಕಿ ಬೇಯಿಸುತ್ತಾರೆ. ಚಿತ್ರಾನ್ನ ಒಯ್ದರೆ ಕಡಲೆಕಾಯಿ ಇದೆ ಅಂತ ಚೀಟಿ ಅಂಟಿಸಿ.

ಬ್ಲ್ಯಾಕ್ಸ್‌ಬರ್ಗ್, ವರ್ಜೀನಿಯಾ:
ಎಲ್ಲರಿಗೂ ಥ್ಯಾಂಕ್ಸ್. ಕೊನೆಯ ಪ್ರಶ್ನೆ: ಅಷ್ಟೊಂದು ಸುತ್ತು ನುಡಿಸುವಾಗ ಎಲ್ಲಿ ನಿಲ್ಲಿಸಬೇಕು ಅಂತ ಮಗುವಿಗೆ ಹೇಗೆ ಗೊತ್ತಾಗುತ್ತದೆ?

ರೋನೋಕ್, ವರ್ಜೀನಿಯಾ:
ಟ್ಯೂನ್ ಶುರು ಮಾಡಿದವರ ಕಾಲು ನೋಡುತ್ತಿರಲಿ. ಅವರು ಒಂದು ಪಾದ ಮುಂದೆ ಚಾಚಿ ಎತ್ತಿದರೆ ಅದೇ ಕೊನೆಯ ಸುತ್ತು.