ವಾಲ್‌ಮಾರ್ಟ್, ಟಾರ್ಗೆಟ್, ಕಾಸ್ಟ್ಕೊ: ಮನೆಯ ಸಾಮಾನಿಗೆ ಯಾವುದು ಅನುಕೂಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಜನರ ಸಂಸಾರ. ಕೆಲಸದ ನಿಮಿತ್ತ ಇತ್ತೀಚೆಗೆ ಟೆಕ್ಸಾಸಿನ ಡಲ್ಲಾಸ್ ಹೊರವಲಯಕ್ಕೆ ಬಂದು ನೆಲೆಸಿದ್ದೇವೆ. ಮನೆಗೆ ಹತ್ತಿರದಲ್ಲಿಯೇ ವಾಲ್‌ಮಾರ್ಟ್ ಸೂಪರ್‌ಸೆಂಟರ್, ಟಾರ್ಗೆಟ್ ಮತ್ತು ಕಾಸ್ಟ್ಕೊ ಮೂರೂ ಇವೆ. ಪರಿಚಿತರಲ್ಲಿ ಒಬ್ಬೊಬ್ಬರು ಒಂದೊಂದನ್ನು ಹೊಗಳುತ್ತಾರೆ; ಆದರೆ ಕಾರಣ ಕೇಳಿದರೆ “ಅಲ್ಲಿ ಅಗ್ಗ”, “ಅಲ್ಲಿ ಚೆನ್ನಾಗಿರುತ್ತದೆ” ಎಂಬುದರಾಚೆಗೆ ವಿವರ ಸಿಗುವುದಿಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟು. ದಿನಬಳಕೆಯ ವಸ್ತುಗಳ ಬೆಲೆಯಲ್ಲಿ ಈ ಮೂರರ ನಡುವೆ ನಿಜವಾದ ಅಂತರವಿದೆಯೇ, ಅಥವಾ ಅದು ಕೇವಲ ಹೆಸರಿನ ಮಹಿಮೆಯೇ? ಒಳಗೆ ಕಾಲಿಡುವುದಕ್ಕೇ ವರ್ಷಕ್ಕೊಮ್ಮೆ ಹಣ ಕಟ್ಟಬೇಕೆನ್ನುವ ಕಾಸ್ಟ್ಕೊದ ಸದಸ್ಯತ್ವ ನಮ್ಮಂಥ ಸಣ್ಣ ಸಂಸಾರಕ್ಕೆ ಗಿಟ್ಟುತ್ತದೆಯೇ? ಶಾಲೆಗೆ ಹೋಗುವ ಮಗಳು ಮತ್ತು ಇನ್ನೂ ನಡೆಯಲು ಬಾರದ ಮಗನನ್ನು ಕರೆದುಕೊಂಡು ಹೋಗುವವರಿಗೆ ಯಾವ ಮಳಿಗೆ ಕಡಿಮೆ ತ್ರಾಸದ್ದು? ಬಹುಕಾಲದಿಂದ ಇಲ್ಲಿರುವವರು ದಯವಿಟ್ಟು ಸಾವಕಾಶವಾಗಿ ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ನಿಮ್ಮ ಮೂರನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ನನಗೂ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಮಕ್ಕಳೊಂದಿಗೆ ಹೋಗುವುದಾದರೆ ನನ್ನ ಮತ ಟಾರ್ಗೆಟ್‌ಗೆ. ಸೂಪರ್‌ಸೆಂಟರ್ ಎಂಬುದು ಸರಾಸರಿ 1,80,000 ಚದರ ಅಡಿಯಷ್ಟು ವಿಸ್ತಾರವಾದ ಕಟ್ಟಡ; ಹಾಲು, ತರಕಾರಿ ಒಂದು ತುದಿಯಲ್ಲಿದ್ದರೆ ಮಕ್ಕಳ ಡಯಪರ್ ಇನ್ನೊಂದು ಭಾಗದಲ್ಲಿರುತ್ತದೆ, ಮರೆತ ಒಂದು ವಸ್ತುವಿಗಾಗಿ ಅಳುವ ಮಗುವನ್ನು ಎತ್ತಿಕೊಂಡು ಮತ್ತೆ ಅಷ್ಟು ದೂರ ನಡೆಯಬೇಕಾಗುತ್ತದೆ. ಟಾರ್ಗೆಟ್ ಮಳಿಗೆಗಳು ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಚಿಕ್ಕವು. ಕಪಾಟುಗಳ ನಡುವಿನ ದಾರಿಯಲ್ಲಿ ಸರಕಿನ ರಾಶಿ ಕಡಿಮೆ, ಬೆಳಕು ಹಿತಕರ, ಗದ್ದಲವೂ ಕಡಿಮೆ.

ಮಕ್ಕಳ ಬಟ್ಟೆಯ ವಿಷಯದಲ್ಲಂತೂ ಟಾರ್ಗೆಟ್‌ನ ಸ್ವಂತ ಬ್ರ್ಯಾಂಡ್ ಆದ ಕ್ಯಾಟ್ ಆ್ಯಂಡ್ ಜ್ಯಾಕ್ ಅನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. 2016ರಲ್ಲಿ ಆರಂಭವಾದ ಈ ಬಟ್ಟೆಗಳನ್ನು ರಶೀದಿಯಿದ್ದರೆ ಒಂದು ವರ್ಷದೊಳಗೆ ಹಿಂದಿರುಗಿಸಬಹುದು. ನನ್ನ ಮಗಳ ಪ್ಯಾಂಟಿನ ಮಂಡಿ ಆರು ತಿಂಗಳಿಗೇ ಹರಿದು ಹೋದಾಗ ಹಿಂದಿರುಗಿಸಲು ಹೋದೆ. ಕೌಂಟರಿನ ಹುಡುಗಿ ತೂತನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿ, ಪ್ರಶ್ನೆಯೊಂದನ್ನೂ ಕೇಳದೆ ಹಣ ಮರಳಿಸಿದಳು. ಟಾರ್ಗೆಟ್‌ನ ಸ್ವಂತ ಕಾರ್ಡ್ ಮಾಡಿಸಿಕೊಂಡರೆ ಬಹುತೇಕ ಎಲ್ಲದರ ಮೇಲೂ ಶೇಕಡಾ 5ರಷ್ಟು ಕಡಿತ ಸಿಗುತ್ತದೆ. ಅದು ಡೆಬಿಟ್ ರೂಪದಲ್ಲಿಯೂ ಲಭ್ಯವಿರುವುದರಿಂದ, ಇಲ್ಲಿ ಇನ್ನೂ ಸಾಲದ ಚರಿತ್ರೆ ಇಲ್ಲದ ಹೊಸಬರಿಗೆ ಅನುಕೂಲ.

ದೋಷವನ್ನೂ ಹೇಳಬೇಕು. 2024ರ ಮಾರ್ಚಿನಿಂದ ಟಾರ್ಗೆಟ್‌ನ ಬಹುತೇಕ ಮಳಿಗೆಗಳಲ್ಲಿ, ನಾವೇ ಸ್ಕ್ಯಾನ್ ಮಾಡಿ ಹಣ ಕಟ್ಟುವ ಕೌಂಟರುಗಳಿಗೆ ಹತ್ತು ವಸ್ತುಗಳ ಮಿತಿ ಹಾಕಿದ್ದಾರೆ. ಗಾಡಿ ತುಂಬ ಸಾಮಾನಿದ್ದರೆ ಸಿಬ್ಬಂದಿಯಿರುವ ಸಾಲಿನಲ್ಲಿಯೇ ನಿಲ್ಲಬೇಕು, ಸಂಜೆಯ ಹೊತ್ತು ಆ ಸಾಲು ಬೇಗ ಕರಗುವುದಿಲ್ಲ. ಇನ್ನು, ಸಾಬೂನು ತರಲು ಹೋದವರು ದಿಂಬಿನ ಹೊದಿಕೆಯನ್ನೂ ಹೂದಾನಿಯನ್ನೂ ಹೊತ್ತು ಹೊರಬರುವುದು ಟಾರ್ಗೆಟ್‌ನಲ್ಲಿ ಆಗುವಷ್ಟು ಬೇರೆಲ್ಲೂ ಆಗುವುದಿಲ್ಲ ಎಂಬುದು ನಮ್ಮ ಯಜಮಾನರ ದೂರು. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಅಲ್ಲಗಳೆಯುವುದೂ ಇಲ್ಲ.

ಎರಡನೆಯ ಉತ್ತರ

ನಾನು ಸದಸ್ಯತ್ವದ ಲೆಕ್ಕಕ್ಕೆ ಬರುತ್ತೇನೆ. ಕಾಸ್ಟ್ಕೊದ ಸಾಮಾನ್ಯ ಸದಸ್ಯತ್ವಕ್ಕೆ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 65 ಡಾಲರ್, ಎಕ್ಸಿಕ್ಯುಟಿವ್ ಸದಸ್ಯತ್ವಕ್ಕೆ 130 ಡಾಲರ್. ಎರಡನೆಯದರಲ್ಲಿ, ಅರ್ಹ ಖರೀದಿಗಳ ಮೇಲೆ ಶೇಕಡಾ 2ರಷ್ಟು ಮರಳಿ ಸಿಗುತ್ತದೆ. ಹೆಚ್ಚುವರಿ 65 ಡಾಲರ್ ಹುಟ್ಟಬೇಕಾದರೆ ವರ್ಷಕ್ಕೆ 3,250 ಡಾಲರ್, ಅಂದರೆ ತಿಂಗಳಿಗೆ ಸುಮಾರು 270 ಡಾಲರ್‌ನ ಸಾಮಾನು ಅಲ್ಲಿಂದಲೇ ತರಬೇಕು. ಪೆಟ್ರೋಲಿಗೆ ಕೊಟ್ಟ ಹಣ ಈ ಲೆಕ್ಕದಲ್ಲಿ ಸೇರುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ನಿಮ್ಮದು ನಾಲ್ವರ ಸಂಸಾರ, ಅದರಲ್ಲೊಂದು ಹಸುಗೂಸು. ಡಯಪರ್, ಒರೆಸುವ ಕಾಗದ, ಹಾಲು, ಅಡುಗೆ ಎಣ್ಣೆ ಇವಿಷ್ಟಕ್ಕೇ ಸಾಮಾನ್ಯ ಸದಸ್ಯತ್ವದ ಹಣ ಹುಟ್ಟುತ್ತದೆಂದು ನನ್ನ ಅಂದಾಜು. ಎಕ್ಸಿಕ್ಯುಟಿವ್ ಈಗಲೇ ಬೇಡ, ಕೆಲವು ತಿಂಗಳ ಖರ್ಚು ನೋಡಿಕೊಂಡು ನಿರ್ಧರಿಸಿ. ಸದಸ್ಯತ್ವ ತೃಪ್ತಿಕರವಲ್ಲವೆಂದು ಅನ್ನಿಸಿದರೆ ಶುಲ್ಕವನ್ನು ಪೂರ್ತಿ ಹಿಂದಿರುಗಿಸುವುದಾಗಿ ಕಂಪನಿಯೇ ಹೇಳಿಕೊಂಡಿರುವುದರಿಂದ ಹೆದರಬೇಕಾದದ್ದಿಲ್ಲ.

ಬೆಲೆ ಏಕೆ ಕಡಿಮೆಯೆಂದರೆ, ಸೂಪರ್‌ಸೆಂಟರ್ ಒಂದರಲ್ಲಿ ಲಕ್ಷಕ್ಕೂ ಮಿಕ್ಕಿ ಬಗೆಯ ವಸ್ತುಗಳಿದ್ದರೆ ಕಾಸ್ಟ್ಕೊದಲ್ಲಿ ಇರುವುದು ಸುಮಾರು 4,000 ಮಾತ್ರ. ಟೊಮೆಟೊ ಸಾಸ್ ಬೇಕೆಂದರೆ ಹತ್ತು ಬಗೆಯಿಲ್ಲ, ಒಂದೋ ಎರಡೋ. ಆ ಒಂದೆರಡನ್ನೇ ಅಪಾರ ಪ್ರಮಾಣದಲ್ಲಿ ಕೊಳ್ಳುವುದರಿಂದ ತಯಾರಕರೊಂದಿಗೆ ಚೌಕಾಸಿ ಮಾಡುವ ಬಲ ಬರುತ್ತದೆ. ಬಂದ ಸರಕನ್ನು ಹಲಗೆಯ ಪ್ಯಾಲೆಟ್ ಸಮೇತ ನೆಲದ ಮೇಲೆಯೇ ಇಟ್ಟು ಮಾರುವುದರಿಂದ ಕಪಾಟಿಗೆ ಜೋಡಿಸುವ ಕೂಲಿಯೂ ಉಳಿಯುತ್ತದೆ. ಕೊಂಡ ಬೆಲೆಯ ಮೇಲೆ ಸುಮಾರು ಶೇಕಡಾ 14-15ಕ್ಕಿಂತ ಹೆಚ್ಚು ಏರಿಸಬಾರದೆಂಬ ಮಿತಿಯನ್ನು ಕಂಪನಿ ಬಹುಕಾಲದಿಂದ ಇಟ್ಟುಕೊಂಡಿದೆ. 2024ರ ಹಣಕಾಸು ವರ್ಷದಲ್ಲಿ ಅದಕ್ಕೆ ಸದಸ್ಯತ್ವ ಶುಲ್ಕದಿಂದ ಬಂದ ಹಣ ಕಾರ್ಯಾಚರಣೆಯ ಲಾಭದ ಅರ್ಧದಷ್ಟಾಗುತ್ತದೆ. ಹೀಗಾಗಿ ಅದು ನಿಮಗೆ ಮಾರುವ ಮುಖ್ಯ ಸರಕೇ ಆ ಕಾರ್ಡು ಎನ್ನಬಹುದು.

ಅನುಭವದ ಮಾತಿಗೆ ಬಂದರೆ, ಕಾಸ್ಟ್ಕೊ ಒಂದು ಗೋದಾಮು. ಯಾವ ಸಾಲಿನಲ್ಲಿ ಏನಿದೆ ಎಂಬ ಫಲಕವೂ ಇಲ್ಲ. ವಾರಾಂತ್ಯದ ಮಧ್ಯಾಹ್ನ ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ. ಹೊರಬರುವಾಗ ಬಾಗಿಲಲ್ಲಿ ರಶೀದಿ ತೋರಿಸಬೇಕು. ಹೊಸಬರು ಇದನ್ನು ಅವಮಾನವೆಂದು ಭಾವಿಸಬಾರದು, ಎಲ್ಲರಿಗೂ ಅದೇ ನಿಯಮ. ಇನ್ನೊಂದು ಮಾತು: ಇಲ್ಲಿನ ಕಾಸ್ಟ್ಕೊ ಮಳಿಗೆಗಳಲ್ಲಿ ಕ್ರೆಡಿಟ್ ಕಾರ್ಡ್ ಪೈಕಿ ವೀಸಾ ಮಾತ್ರ ನಡೆಯುತ್ತದೆ. ಡೆಬಿಟ್ ಕಾರ್ಡಿಗೆ ಈ ಕಟ್ಟುಪಾಡಿಲ್ಲ.

ಮೂರನೆಯ ಉತ್ತರ

ನಾನು ನಿವೃತ್ತನಾಗುವ ಮೊದಲು ಕೆಲವು ವರ್ಷ ಇಂಥದೇ ಒಂದು ದೊಡ್ಡ ಮಳಿಗೆಯಲ್ಲಿ ರಾತ್ರಿ ಪಾಳಿಯಲ್ಲಿ ಕಪಾಟು ತುಂಬುವ ಕೆಲಸ ಮಾಡಿದವನು. ಆದ್ದರಿಂದ ಮೇಲಿನ ಇಬ್ಬರೂ ಬಿಟ್ಟ ಒಂದು ವಿಷಯ ಹೇಳುತ್ತೇನೆ. ಮಳಿಗೆಗಳನ್ನು ಹೋಲಿಸುವವರು ದರಚೀಟಿಯ ದೊಡ್ಡ ಅಂಕಿಯನ್ನು ನೋಡುತ್ತಾರೆ. ನೋಡಬೇಕಾದದ್ದು ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಘಟಕ ಬೆಲೆಯನ್ನು, ಅಂದರೆ ಔನ್ಸಿಗೆ ಅಥವಾ ಪೌಂಡಿಗೆ ಎಷ್ಟು ಎಂಬುದನ್ನು. ಇದನ್ನು ನಮೂದಿಸಲೇಬೇಕೆಂಬ ಕಾನೂನು ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ನಂಥ ಕೆಲವು ರಾಜ್ಯಗಳಲ್ಲಿದೆ, ಎಲ್ಲ ಕಡೆಯೂ ಇಲ್ಲ. ಇದ್ದರೂ ಮೋಸ ಹೋಗುವುದಕ್ಕೆ ದಾರಿಯಿದೆ. ಬಟ್ಟೆ ಒಗೆಯುವ ದ್ರಾವಣದ ಒಂದು ಡಬ್ಬಿಯ ಚೀಟಿಯಲ್ಲಿ ಔನ್ಸಿನ ಲೆಕ್ಕ, ಪಕ್ಕದ ಡಬ್ಬಿಯ ಚೀಟಿಯಲ್ಲಿ ಒಂದು ಸಲದ ಒಗೆತಕ್ಕೆ ಎಷ್ಟೆಂಬ ಲೆಕ್ಕ ಇರುತ್ತದೆ. ಸಾಂದ್ರತೆ ಬೇರೆ ಬೇರೆಯಾದ ಕಾರಣ ಎರಡನ್ನೂ ತೂಗಿ ನೋಡಲು ಡಬ್ಬಿಯ ಹಿಂಬದಿಯನ್ನು ಓದಲೇಬೇಕು. ದೊಡ್ಡ ಪೊಟ್ಟಣವೇ ಅಗ್ಗವೆಂಬ ನಂಬಿಕೆಯೂ ಎಲ್ಲ ಸಲ ನಿಲ್ಲುವುದಿಲ್ಲ, ಚಿಕ್ಕದಕ್ಕೆ ರಿಯಾಯಿತಿ ಇದ್ದ ವಾರ ಲೆಕ್ಕ ತಲೆಕೆಳಗಾಗುತ್ತದೆ.

ಕಾಸ್ಟ್ಕೊದ ಚೀಟಿಗೆ ಅದರದೇ ಭಾಷೆಯಿದೆ. ಬೆಲೆ .99ಕ್ಕೆ ಬದಲು .97ಕ್ಕೆ ಕೊನೆಗೊಂಡಿದ್ದರೆ ಸಾಮಾನ್ಯವಾಗಿ ಅದು ಸರಕು ಖಾಲಿ ಮಾಡಲು ಇಳಿಸಿದ ಬೆಲೆ. ಮೇಲ್ಭಾಗದ ಬಲ ಮೂಲೆಯಲ್ಲಿ ನಕ್ಷತ್ರ ಚಿಹ್ನೆಯಿದ್ದರೆ ಆ ವಸ್ತುವನ್ನು ಸದ್ಯಕ್ಕೆ ಮತ್ತೆ ತರಿಸುವುದಿಲ್ಲವೆಂದು ತಿಳಿಯಬೇಕು.

ವಾಲ್‌ಮಾರ್ಟ್ ಬಗ್ಗೆ ಇಲ್ಲಿ ಯಾರೂ ಒಳ್ಳೆಯ ಮಾತನಾಡದಿರುವುದು ನನಗೆ ಸರಿ ಕಾಣಲಿಲ್ಲ. ವಾಲ್‌ಮಾರ್ಟ್, ಟಾರ್ಗೆಟ್, ಕೆಮಾರ್ಟ್ ಮೂರೂ ಒಂದೇ ವರ್ಷ, 1962ರಲ್ಲಿ, ಮೊದಲ ಮಳಿಗೆ ತೆರೆದವು: ಒಂದು ಅರ್ಕಾನ್ಸಾ ರಾಜ್ಯದ ರೋಜರ್ಸ್‌ನಲ್ಲಿ, ಒಂದು ಮಿನ್ನೆಸೋಟದ ರೋಸ್‌ವಿಲ್‌ನಲ್ಲಿ, ಒಂದು ಮಿಶಿಗನ್‌ನ ಗಾರ್ಡನ್ ಸಿಟಿಯಲ್ಲಿ. ಬಹುಕಾಲ ಮುಂದಿದ್ದದ್ದು ಕೆಮಾರ್ಟ್. ಅದು ವಾರದ ಜಾಹೀರಾತಿನ ಹಾಳೆಗಳನ್ನೂ ದಿಢೀರ್ ರಿಯಾಯಿತಿಗಳನ್ನೂ ನಂಬಿ ಬೆಳೆದ ಮಳಿಗೆ. ವಾಲ್‌ಮಾರ್ಟ್ ಆದರೋ ಪ್ರತಿದಿನವೂ ಒಂದೇ ಕಡಿಮೆ ಬೆಲೆ ಎಂದು ಸಾರಿ, ಸರಕು ಸಾಗಣೆಯ ಖರ್ಚನ್ನು ಇಳಿಸುವುದರ ಮೇಲೆ ಗಮನವಿಟ್ಟಿತು. 2001ರಲ್ಲಿ ಕೆಮಾರ್ಟ್ ಜಾಹೀರಾತಿನ ಹಾಳೆಗಳನ್ನು ಕಡಿಮೆ ಮಾಡಿ ಬೆಲೆಯಲ್ಲಿಯೇ ವಾಲ್‌ಮಾರ್ಟ್ ಜೊತೆ ಸೆಣಸಲು ಹೊರಟಿತು. ರಿಯಾಯಿತಿಗಾಗಿ ಬರುತ್ತಿದ್ದ ಗಿರಾಕಿಗಳು ದೂರವಾದರು, 2002ರ ಜನವರಿಯಲ್ಲಿ ಅದು ದಿವಾಳಿತನದ ರಕ್ಷಣೆ ಕೋರಬೇಕಾಯಿತು. ಈ ಕಥೆ ನಿಮ್ಮ ಪ್ರಶ್ನೆಗೆ ಸಂಬಂಧಿಸಿದ್ದೇ. ವಾಲ್‌ಮಾರ್ಟ್‌ನಲ್ಲಿ ಇಂದು ಕೊಳ್ಳಬೇಕೋ ಮುಂದಿನ ವಾರ ಕೊಳ್ಳಬೇಕೋ ಎಂದು ಕಾಯುವ ಅಗತ್ಯ ಕಡಿಮೆ. ಟಾರ್ಗೆಟ್‌ನಲ್ಲಿ ಆ್ಯಪ್ ತೆರೆದು ವಾರದ ಕೊಡುಗೆಗಳನ್ನು ನೋಡಿಕೊಂಡು ಹೋದವರಿಗೂ ಸುಮ್ಮನೆ ಹೋದವರಿಗೂ ಬಿಲ್ಲಿನಲ್ಲಿ ಸಾಕಷ್ಟು ಅಂತರ ಬೀಳುತ್ತದೆ. ವಾರಕ್ಕೊಮ್ಮೆ ಹೋಗಿ ಔಷಧಿ, ಟೈರು, ತರಕಾರಿ ಎಲ್ಲವನ್ನೂ ಒಂದೇ ಸೂರಿನಡಿ ಮುಗಿಸುವವರಿಗೆ ಸೂಪರ್‌ಸೆಂಟರ್‌ಗಿಂತ ಉತ್ತಮವಾದದ್ದು ನನಗೆ ತಿಳಿದಿಲ್ಲ.

ಕೊನೆಯದಾಗಿ, ಯಾವ ಮಳಿಗೆಯೆಂದು ಹೆಸರಿಸುವುದಿಲ್ಲ, ಕಪಾಟಿನ ಮೇಲೊಂದು ಬೆಲೆ, ಬಿಲ್ಲಿನಲ್ಲೊಂದು ಬೆಲೆ ಬಂದದ್ದನ್ನು ಗ್ರಾಹಕನಾಗಿ ನಾನೇ ಕಂಡಿದ್ದೇನೆ. ಚೀಟಿಯ ಫೋಟೊ ತೆಗೆದಿಟ್ಟುಕೊಂಡರೆ ವಾದ ಬೇಗ ಮುಗಿಯುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ದರಚೀಟಿಯ ವಿವರ ನನಗೆ ಪೂರ್ತಿ ಹೊಸದು. ಇನ್ನೆರಡು ಸಂದೇಹಗಳಿವೆ. ನಮ್ಮ ಮನೆಯ ಬಳಿ ಸ್ಯಾಮ್ಸ್ ಕ್ಲಬ್ ಕೂಡ ಇದೆ. ಅದಕ್ಕೂ ಕಾಸ್ಟ್ಕೊಗೂ ಏನು ವ್ಯತ್ಯಾಸ? ಬೇರೆ ಮಳಿಗೆಯಲ್ಲಿ ಅಗ್ಗವೆಂದು ತೋರಿಸಿದರೆ ಇವರು ಅದೇ ಬೆಲೆಗೆ ಕೊಡುತ್ತಾರೆಂದು ಸಹೋದ್ಯೋಗಿಯೊಬ್ಬರು ಹೇಳಿದರು, ಅದು ನಿಜವೇ?

ನಾಲ್ಕನೆಯ ಉತ್ತರ

ಎರಡನೆಯದನ್ನು ಮೊದಲು ಹೇಳುತ್ತೇನೆ: ಆ ಕಾಲ ಮುಗಿಯಿತು. ಟಾರ್ಗೆಟ್ ಬಹಳ ವರ್ಷ ವಾಲ್‌ಮಾರ್ಟ್ ಮತ್ತು ಅಮೆಜಾನ್ ಬೆಲೆಗೆ ಸರಿಗಟ್ಟಿಸಿ ಕೊಡುತ್ತಿತ್ತು. 2025ರ ಜುಲೈ ಕೊನೆಯಲ್ಲಿ ಅದನ್ನು ನಿಲ್ಲಿಸಿ, ಈಗ ತನ್ನದೇ ಜಾಲತಾಣದ ಬೆಲೆಗೆ ಮಾತ್ರ ಹೊಂದಿಸುತ್ತದೆ. ವಾಲ್‌ಮಾರ್ಟ್ ಮಳಿಗೆಗಳೂ ಹೊರಗಿನವರ ಬೆಲೆಯನ್ನು ಪರಿಗಣಿಸುವುದಿಲ್ಲ. ಕಾಸ್ಟ್ಕೊ ಕೂಡ ಹಾಗೆಯೇ. ಆದರೆ ನೀವು ಕೊಂಡ 30 ದಿನಗಳೊಳಗೆ ಅಲ್ಲಿಯೇ ಬೆಲೆ ಇಳಿದರೆ ವ್ಯತ್ಯಾಸದ ಹಣ ಕೇಳಿ ಪಡೆಯಬಹುದು.

ಸ್ಯಾಮ್ಸ್ ಕ್ಲಬ್ ವಾಲ್‌ಮಾರ್ಟ್ ಕಂಪನಿಯದೇ. ಕಾಸ್ಟ್ಕೊ ಸಿಯಾಟಲ್‌ನಲ್ಲಿ ಬಾಗಿಲು ತೆರೆದ 1983ರಲ್ಲಿಯೇ ಇದೂ ಓಕ್ಲಹೋಮದಲ್ಲಿ ಆರಂಭವಾಯಿತು. ವರ್ಷದ ಶುಲ್ಕ ಕಾಸ್ಟ್ಕೊಗಿಂತ ಕಡಿಮೆ, ವೀಸಾ ಅಲ್ಲದ ಕ್ರೆಡಿಟ್ ಕಾರ್ಡುಗಳೂ ನಡೆಯುತ್ತವೆ. ನನಗೆ ಅಲ್ಲಿ ಬಹಳ ಹಿಡಿಸಿದ್ದು ಸ್ಕ್ಯಾನ್ ಆ್ಯಂಡ್ ಗೋ ಎಂಬ ಸೌಲಭ್ಯ: ವಸ್ತುವನ್ನು ಗಾಡಿಗೆ ಹಾಕುವಾಗಲೇ ಫೋನಿನಲ್ಲಿ ಸ್ಕ್ಯಾನ್ ಮಾಡುತ್ತ ಹೋಗಿ, ಫೋನಿನಲ್ಲಿಯೇ ಹಣ ಕಟ್ಟಿ, ಯಾವ ಸಾಲಿನಲ್ಲಿಯೂ ನಿಲ್ಲದೆ ಹೊರಟುಬಿಡಬಹುದು. ಮಗುವನ್ನು ಎತ್ತಿಕೊಂಡವರಿಗೆ ಇದು ಎಷ್ಟು ಉಪಕಾರವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಸ್ವಂತ ಬ್ರ್ಯಾಂಡಿನ ಗುಣಮಟ್ಟದಲ್ಲಿ ನಾನು ಕಾಸ್ಟ್ಕೊದ ಕರ್ಕ್‌ಲ್ಯಾಂಡ್ ಪಕ್ಷದವನು; ಬಾದಾಮಿ, ಗೋಡಂಬಿ, ಬ್ಯಾಟರಿ ಇವುಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಟಿವಿ, ಲ್ಯಾಪ್‌ಟಾಪ್ ಕೊಳ್ಳುವುದಿದ್ದರೆ ಹಿಂದಿರುಗಿಸುವ ಅವಧಿಯನ್ನು ನೋಡಿ: ಇಂಥ ವಸ್ತುಗಳಿಗೆ ವಾಲ್‌ಮಾರ್ಟ್ ಮತ್ತು ಟಾರ್ಗೆಟ್ ಸಾಮಾನ್ಯವಾಗಿ 30 ದಿನ ಕೊಟ್ಟರೆ ಕಾಸ್ಟ್ಕೊ 90 ದಿನ ಕೊಡುತ್ತದೆ. ಮಗಳ ಶಾಲೆಯ ಬಟ್ಟೆ, ಚೀಲಗಳನ್ನು ಮಾತ್ರ ಆಗಸ್ಟ್‌ವರೆಗೆ ತಡೆದುಕೊಳ್ಳಿ. ಟೆಕ್ಸಾಸಿನಲ್ಲಿ ಆ ತಿಂಗಳ ಒಂದು ವಾರಾಂತ್ಯ 100 ಡಾಲರಿಗಿಂತ ಕಡಿಮೆ ಬೆಲೆಯ ಬಟ್ಟೆಬರೆ, ಶಾಲಾ ಸಾಮಗ್ರಿಗಳಿಗೆ ಮಾರಾಟ ತೆರಿಗೆ ಇರುವುದಿಲ್ಲ. ಎಲ್ಲ ಮಳಿಗೆಗಳಿಗೂ ಅದು ಅನ್ವಯಿಸುವುದರಿಂದ ಅಂದು ಎಲ್ಲ ಕಡೆಯೂ ಜನಜಂಗುಳಿ ಇರುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.