ಪದಚರ್ಚೆ: ‘ಮರ್ಮರ್’ಗೆ ಕನ್ನಡದಲ್ಲಿ ಏನನ್ನೋಣ? ಎಲೆಯ ಸದ್ದೋ, ಬಾಯಿಯ ಸದ್ದೋ?

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ವಿಷಯ ಇಷ್ಟು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಥೆನ್ಸ್ ಅಂತ ಒಂದು ಊರಿದೆ, ಯೂನಿವರ್ಸಿಟಿ ಇರುವ ಊರು. ಅಲ್ಲಿನ ಆರ್.ಇ.ಎಂ. ಬ್ಯಾಂಡಿನ ಮೊದಲ ಆಲ್ಬಂ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. 1983ರ ಏಪ್ರಿಲ್‌ನಲ್ಲಿ ಬಂದದ್ದು. ಹನ್ನೆರಡು ಹಾಡು, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಹೆಸರು ‘ಮರ್ಮರ್’, ಇಂಗ್ಲಿಷಿನಲ್ಲಿ ಮೆಲ್ಲನೆಯ, ಬಿಡಿಸಿ ಕೇಳದ ಸದ್ದಿಗೆ ಅನ್ನುವ ಪದ. ಹೆಸರನ್ನು ಅನುವಾದ ಮಾಡುವುದು ಯಾಕೆ, ಹಾಗೇ ಬಿಡಿ ಅಂತ ನೀವು ಹೇಳಬಹುದು. ಹೆಸರು ಹಾಗೇ ಇರಲಿ. ಆದರೆ ಅದರ ಅರ್ಥ ಏನು ಅಂತ ಒಂದು ಸಾಲಾದರೂ ಕನ್ನಡದಲ್ಲಿ ಹೇಳಬೇಕಲ್ವಾ? ಈ ಆಲ್ಬಮ್ಮಿನ ಗುಣವೆಲ್ಲ ಆ ಪದದಲ್ಲೇ ಕೂತಿದೆ.

ಯಾಕೆ ಅಂದರೆ, ಹಾಡುವ ಮೈಕಲ್ ಸ್ಟೈಪ್‌ನ ಮಾತು ಇಲ್ಲಿ ಅರ್ಧಕ್ಕರ್ಧ ಕೇಳಿಸುವುದೇ ಇಲ್ಲ. ದನಿ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಪೀಟರ್ ಬಕ್‌ನ ಗಿಟಾರ್ ತಂತಿಗಳು ಒಂದೊಂದಾಗಿ ಮಿಣಮಿಣ ಹೊಳೆಯುತ್ತಾ ಮುಂದೆ ನಿಂತಿರುತ್ತವೆ, ಮೈಕ್ ಮಿಲ್ಸ್‌ನ ಬೇಸ್ ತನ್ನದೇ ಇನ್ನೊಂದು ರಾಗ ಹಿಡಿದು ಓಡುತ್ತಿರುತ್ತದೆ, ಬಿಲ್ ಬೆರ್ರಿಯ ಡ್ರಮ್ಸ್ ಬಿಗಿಯಾಗಿ ತಾಳ ಹಿಡಿದಿರುತ್ತದೆ, ಹಾಡುವವನು ಮಾತ್ರ ಪಕ್ಕದ ಕೋಣೆಯಲ್ಲಿ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದಾನೆ ಅನಿಸುತ್ತದೆ. ಒಂದು ಹಾಡಿನ ನಡುವೆ ಇದ್ದಕ್ಕಿದ್ದಂತೆ ಫ್ರೆಂಚ್ ಬರುತ್ತದೆ. ಇನ್ನೊಂದರಲ್ಲಿ ಗ್ರೀಕ್ ಪುರಾಣದ ಲಾವೊಕೂನ್ ಬಂದು ಹೋಗುತ್ತಾನೆ. ಸಾಹಿತ್ಯ ಅಚ್ಚು ಹಾಕಿ ಕೊಟ್ಟೂ ಇರಲಿಲ್ಲ. ಎಲ್ಲ ಹಾಡುಗಳ ಸಾಹಿತ್ಯವನ್ನು ಆಲ್ಬಂ ಜೊತೆ ಅಚ್ಚು ಹಾಕಿದ್ದು 1998ರಲ್ಲಿ ಇವರದೇ ‘ಅಪ್’ ಆಲ್ಬಂ ಬಂದಾಗಲೇ ಮೊದಲು. ಹಾಗಾಗಿ ಕೇಳಿದವರು ತಮಗೆ ಕೇಳಿಸಿದ್ದನ್ನೇ ಹಾಡಿಕೊಂಡರು. ನಾನೂ ಅಷ್ಟೇ, ಎಷ್ಟೋ ವರ್ಷ ತಪ್ಪು ಪದಗಳನ್ನೇ ಪ್ರೀತಿಯಿಂದ ಹಾಡಿದ್ದೇನೆ.

ಆ ವರ್ಷ ಲೋಕದ ತುಂಬ ಮೊಳಗುತ್ತಿದ್ದದ್ದು ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’. ‘ಮರ್ಮರ್’ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ 36ನೇ ಜಾಗ ದಾಟಲಿಲ್ಲ. ಆದರೂ ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರು ವರ್ಷದ ಆಲ್ಬಂ ಅಂತ ಆರಿಸಿದ್ದು ಇದನ್ನೇ. ಮೊಳಗುವುದು ಅನ್ನಲು ನಮ್ಮಲ್ಲಿ ಎಷ್ಟು ಚೆಂದದ ಪದ ಇದೆ ನೋಡಿ. ಅದರ ಎದುರು ತುದಿಗೆ ಅಷ್ಟೇ ಗಟ್ಟಿಯಾದದ್ದು ನನಗೆ ಬೇಕು.

ಈಗ ನಾನು ಹುಡುಕಿ ನೋಡಿದ್ದು.

ಮೊದಲು ಹೊಳೆದದ್ದು ‘ಮರ್ಮರ’ವೇ. ಸಂಸ್ಕೃತದಿಂದ ಬಂದದ್ದು, ಇಂಗ್ಲಿಷಿನ ಮರ್ಮರ್‌ಗೆ ಮೂಲವಾದ ಲ್ಯಾಟಿನ್ ಪದಕ್ಕೂ ಇದಕ್ಕೂ ಒಂದೇ ಉಸಿರು. ಕೆಲಸ ಮುಗಿಯಿತು ಅಂದುಕೊಂಡೆ. ಆದರೆ ಅಮರಕೋಶ ತೆಗೆದರೆ ಅಲ್ಲಿ ಮರ್ಮರ ಅಂದರೆ ಬಟ್ಟೆಯ ಸದ್ದು, ಎಲೆಯ ಸದ್ದು. ಅಷ್ಟೇ. ಒಡವೆಯ ಸದ್ದಿಗೆ ಬೇರೆ ಪದ ಇದೆ, ಶಿಂಜಿತ. ಮನುಷ್ಯನ ಬಾಯಿಗೆ ಮರ್ಮರದಲ್ಲಿ ಜಾಗವೇ ಇಲ್ಲ. ರಘುವಂಶದಲ್ಲಿ ಕಾಳಿದಾಸ ಒಂದು ಕಡೆ ಈ ಪದ ತರುವುದೂ ಹಿಮಾಲಯದ ಗಾಳಿ ಭೂರ್ಜದ ಎಲೆಗಳಲ್ಲಿ ಆಡುವಾಗ.

ಹಾಗಾದರೆ ಬಿಟ್ಟುಬಿಡೋಣ ಅಂದರೆ, ಆಲ್ಬಮ್ಮಿನ ಮುಖಪುಟ ಬಿಡುವುದಿಲ್ಲ. ಅದನ್ನು ಒಮ್ಮೆ ನೋಡಿ. ಮನುಷ್ಯರಿಲ್ಲ, ಬರೀ ಎಲೆ. ಕುಡ್ಜು ಅನ್ನುವ ಬಳ್ಳಿ ನೆಲ, ಪೊದೆ, ಮರ ಎಲ್ಲವನ್ನೂ ಕಂಬಳಿ ಹೊದೆಸಿದ ಹಾಗೆ ಮುಚ್ಚಿಬಿಟ್ಟಿದೆ. ಕೆಳಗಿರುವುದು ಏನು ಅಂತ ಆಕಾರದಿಂದ ಊಹಿಸಬೇಕು. ಜಪಾನಿನ ಬಳ್ಳಿ ಇದು. 1876ರಲ್ಲಿ ಫಿಲಡೆಲ್ಫಿಯಾದ ಪ್ರದರ್ಶನಕ್ಕೆ ಅಂತ ಅಮೆರಿಕಕ್ಕೆ ಬಂತು. 1930ರ ದಶಕದಲ್ಲಿ ಮಣ್ಣು ಕೊಚ್ಚಿ ಹೋಗದಿರಲಿ ಅಂತ ಸರ್ಕಾರವೇ ರೈತರಿಂದ ನೆಡಿಸಿತು. ಆಮೇಲೆ ದಕ್ಷಿಣದ ರಾಜ್ಯಗಳಲ್ಲಿ ಹಿಡಿತಕ್ಕೆ ಸಿಗದೆ ಹಬ್ಬಿತು. ನಮ್ಮ ಸುಳ್ಯದ ಕಡೆ ರಬ್ಬರ್ ತೋಟದಲ್ಲಿ ನೆಲ ಮುಚ್ಚಲು ಹಬ್ಬಿಸುವ ಪ್ಯೂರೇರಿಯಾ ಇದಕ್ಕೆ ನೆಂಟನೇ. ಮಾವನ ತೋಟದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಕಾಲಿಟ್ಟರೆ ಮೊಣಕಾಲಿನವರೆಗೆ ಎಲೆ, ಕೆಳಗೆ ಕಲ್ಲೋ ಗುಂಡಿಯೋ ಗೊತ್ತಾಗುವುದಿಲ್ಲ. ಈ ಹಾಡುಗಳೂ ನನಗೆ ಹಾಗೇ. ಮೇಲೆ ರಾಗ ಹಬ್ಬಿದೆ, ಕೆಳಗಿರುವ ಮಾತನ್ನು ಕಾಲಲ್ಲಿ ತಡವಿ ನೋಡಬೇಕು. ಅಂದಮೇಲೆ ಎಲೆಯ ಸದ್ದಾದ ಮರ್ಮರ ಮುಖಪುಟಕ್ಕೆ ಸರಿಯಾಗಿಯೇ ಹೊಂದುತ್ತದೆ. ಒಳಗಿನ ದನಿಗೆ ಹೊಂದುವುದಿಲ್ಲ.

ಮರ್ಮರದ ಇನ್ನೊಂದು ತೊಂದರೆ ನನಗೆ ಗೊತ್ತಾದದ್ದು ಮನೆಯಲ್ಲೇ. ಚಿಕ್ಕಮ್ಮನ ಮಗುವಿಗೆ ಜ್ವರ ಅಂತ ತೋರಿಸಲು ಹೋದಾಗ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ಜಾಗ ಬದಲಿಸಿ ಮತ್ತೆ ಕೇಳಿದರು. ಆಮೇಲೆ, “ಒಂದು ಮರ್ಮರ್ ಕೇಳ್ತಾ ಇದೆ, ಹೆದರಬೇಡಿ” ಅಂದರು. ಚಿಕ್ಕಮ್ಮನ ಮುಖ ಬಿಳಿಚಿತು. “ಎಂತ ಮರ್ಮ ಡಾಕ್ಟ್ರೇ? ನನ್ನತ್ರ ಹೇಳಿ ಪರವಾಗಿಲ್ಲ” ಅಂದರು. ಡಾಕ್ಟರು ಏನೋ ಮುಚ್ಚಿಡುತ್ತಿದ್ದಾರೆ ಅಂತ ಅವರಿಗೆ ಅನಿಸಿತ್ತು. ರಕ್ತ ಹರಿಯುವಾಗ ಆಗುವ ಸಣ್ಣ ಸದ್ದು, ಎಷ್ಟೋ ಮಕ್ಕಳಲ್ಲಿ ಇರುತ್ತದೆ, ದೊಡ್ಡವರಾಗುತ್ತಾ ಹೋಗುತ್ತದೆ ಅಂತ ಬಿಡಿಸಿ ಹೇಳಿದ ಮೇಲೆ ಸಮಾಧಾನ ಆಯಿತು. ಅಂದರೆ ಕನ್ನಡದ ಕಿವಿಗೆ ಮರ್ಮರ ಬಿದ್ದ ಕೂಡಲೇ ಅದು ‘ಮರ್ಮ’ದ ಕಡೆ ಜಾರುತ್ತದೆ. ಈ ಆಲ್ಬಮ್ಮಿಗೆ ಆ ನೆರಳು ಇದ್ದರೂ ಇರಲಿ ಅಂತ ಒಂದೊಂದು ಸಲ ಅನಿಸುತ್ತದೆ. ನಿಮಗೆ?

ಎರಡನೆಯದು ‘ಪಿಸುಮಾತು’. ಬೇಡ. ಪಿಸುಮಾತಿಗೆ ಕೇಳುವ ಕಿವಿಯೊಂದು ಹತ್ತಿರ ಇರಬೇಕು. ಅದು ಒಬ್ಬರಿಗೆ ತಿಳಿಯಲಿ, ಉಳಿದವರಿಗೆ ಬೇಡ ಅಂತ ಆಡುವ ಮಾತು. ‘ಗುಸುಗುಸು’ ಇನ್ನೂ ದೂರ, ಅದರಲ್ಲಿ ಚಾಡಿಯ ವಾಸನೆ ಇದೆ. ‘ಗುಜುಗುಜು’ ಅಂದರೆ ತುಂಬಾ ಜನ ಬೇಕು.

‘ಮೊರೆತ’ ನನಗೆ ಇಷ್ಟ. ಹಳಗನ್ನಡದಲ್ಲಿ ದುಂಬಿ ಮೊರೆಯುತ್ತದೆ, ಅದು ಸಣ್ಣ ಸದ್ದೇ. ಆದರೆ ಈಗ ಮೊರೆಯುವುದು ಕಡಲು ಮಾತ್ರ. ಪಡುಬಿದ್ರಿ ಕಡೆ ಮಳೆಗಾಲದ ರಾತ್ರಿ ಕೇಳಿದವರಿಗೆ ಅದನ್ನು ಮೆಲ್ಲನೆಯ ಸದ್ದು ಅಂತ ಒಪ್ಪಿಸಲು ಸಾಧ್ಯವಿಲ್ಲ.

ಉಳಿದದ್ದು ‘ಗುಣುಗು’. ಇದರ ಬಗ್ಗೆಯೇ ನನ್ನ ಮುಖ್ಯ ಪ್ರಶ್ನೆ. ಕೆಲವರು ಗುನುಗು ಅಂತಾರೆ, ಕೆಲವರು ಗುಣುಗು. ಹಾಡನ್ನು ಬಾಯೊಳಗೆ ಹೇಳಿಕೊಳ್ಳುವುದು ಅಂತ ಅರ್ಥ. ಒಂದೆರಡು ಸ್ವರ ಬದಲಾಯಿಸಿದರೆ ‘ಗೊಣಗು’, ಅದು ಬೇಸರದ್ದು. ಆದರೆ ಕನ್ನಡ ಬೈಬಲ್‌ನಲ್ಲಿ ಇಸ್ರಾಯೇಲ್ ಜನ ಮರುಭೂಮಿಯಲ್ಲಿ ಮೋಶೆಯ ಮೇಲೆ ‘ಗುಣುಗುಟ್ಟು’ತ್ತಾರೆ, ಅಲ್ಲಿ ಹಾಡಿನ ಸುಳಿವೇ ಇಲ್ಲ, ಬರೀ ದೂರು. ಇಂಗ್ಲಿಷಿನ ಮರ್ಮರ್‌ಗೂ ಇದೇ ಎರಡು ಮುಖ ಇದೆ. ಹಾಗಾದರೆ ಗುಣುಗು ಹಿಂದೆ ಎರಡಕ್ಕೂ ಒಂದೇ ಪದವಾಗಿತ್ತೋ? ಆಮೇಲೆ ಸಂತೋಷ ಒಂದು ಕಡೆ, ಬೇಸರ ಒಂದು ಕಡೆ ಅಂತ ಪಾಲಾಯಿತೋ? ಗುನುಗು ಹಿಂದಿಯ ಪ್ರಭಾವದಿಂದ ಬಂದ ರೂಪವೋ? ನಿಘಂಟು ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಇನ್ನೊಂದು ಪದ ಇದೆ, ಹೇಳಲು ಸ್ವಲ್ಪ ಅಳುಕು. ‘ಮಣಮಣ’. ಅಜ್ಜ ಬೆಳಿಗ್ಗೆ ಜಪಕ್ಕೆ ಕೂತಾಗ ತುಟಿ ಅಲ್ಲಾಡುತ್ತಿತ್ತು, ಅಕ್ಷರ ಕೇಳುತ್ತಿರಲಿಲ್ಲ, ಬಾಗಿಲ ಹತ್ತಿರ ನಿಂತರೆ ಮಣಮಣ ಅಂತ ಒಂದು ಸದ್ದು ಮಾತ್ರ. ತುಟಿ ಅಲ್ಲಾಡಿಸಿ, ಪಕ್ಕದವರಿಗೆ ಕೇಳಿಸದ ಹಾಗೆ ಮಾಡುವ ಜಪಕ್ಕೆ ಶಾಸ್ತ್ರದಲ್ಲಿ ಉಪಾಂಶು ಅಂತ ಹೆಸರು. ಆದರೆ ಮನೆಯಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ, ಮಣಮಣ ಅಂತಲೇ ಹೇಳುತ್ತಿದ್ದರು. ಸ್ಟೈಪ್ ಈ ಹೆಸರು ಆರಿಸಿದ್ದಕ್ಕೆ ಕೊಟ್ಟ ಕಾರಣ ಏನು ಗೊತ್ತಾ, ಇಂಗ್ಲಿಷಿನಲ್ಲಿ ಹೇಳಲು ತೀರಾ ಸುಲಭವಾದ ಪದಗಳಲ್ಲಿ ಇದೂ ಒಂದು ಅಂತ. ತುಟಿ ಮುಚ್ಚಿ ತೆರೆದರೆ ಆಯಿತು. ಆ ಲೆಕ್ಕಕ್ಕೆ ಅರ್ಕಾವೊತ್ತಿನ ಮರ್ಮರಕ್ಕಿಂತ ಮಣಮಣವೇ ಹತ್ತಿರ. ಕಷ್ಟ ಏನೆಂದರೆ ಈಗ ಮಣಮಣ ಅನ್ನುವಾಗ ಸ್ವಲ್ಪ ಹಗುರ ಮಾಡಿದ ಹಾಗೆ ಕೇಳುತ್ತದೆ, ಅರ್ಥ ಗೊತ್ತಿಲ್ಲದೆ ಮಂತ್ರ ಹೇಳುವವರಿಗೆ ಅನ್ನುವ ಮಾತು. ನಿಮ್ಮ ಕಡೆಯೂ ಹಾಗೇನಾ, ಅಥವಾ ಸುಮ್ನೆ ಸದ್ದಿನ ಪದವಾಗಿ ಉಳಿದಿದೆಯಾ?

ಜೊತೆಗೆ ಎರಡು ಸಣ್ಣ ಪ್ರಶ್ನೆ.

ಇದನ್ನು ‘ಚೊಚ್ಚಲ ಆಲ್ಬಂ’ ಅನ್ನಬಹುದಾ? ಚೊಚ್ಚಲು ಅಂದರೆ ಮೊದಲ ಹೆರಿಗೆ. ಇವರು 1981ರಲ್ಲೇ ಒಂದು ಸಿಂಗಲ್, 1982ರಲ್ಲಿ ಐದು ಹಾಡುಗಳ ‘ಕ್ರಾನಿಕ್ ಟೌನ್’ ತಂದಿದ್ದರು. ಅವುಗಳನ್ನು ಆಲ್ಬಂ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಉದ್ದದ ಲೆಕ್ಕ. ಆದರೆ ಹೆತ್ತದ್ದು ಹೆತ್ತದ್ದೇ ಅಲ್ವಾ? ನನಗೆ ‘ಮೊದಲ ಪೂರ್ಣ ಆಲ್ಬಂ’ ಅನ್ನುವುದೇ ಸರಿ ಅನಿಸಿದೆ.

ಇನ್ನು ‘ಆಲ್ಟರ್ನೇಟಿವ್ ರಾಕ್’, ಈ ಬಗೆಯ ಸಂಗೀತಕ್ಕೆ ಈಗ ಹೇಳುವ ಹೆಸರು. ಪತ್ರಿಕೆಗಳು ಪರ್ಯಾಯ ರಾಕ್ ಅಂತ ಬರೆದರೆ ಉಡುಪಿಯವಳಾದ ನನಗೆ ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪೂಜೆಯ ಸರದಿ ಬದಲಾಗುವುದೇ ಕಣ್ಣಿಗೆ ಬರುತ್ತದೆ. ಆ ಕಾಲದಲ್ಲಿ ಇದನ್ನು ಕಾಲೇಜು ರಾಕ್ ಅನ್ನುತ್ತಿದ್ದರು, ಕಾಲೇಜುಗಳ ರೇಡಿಯೊ ಹಾಕುತ್ತಿದ್ದದ್ದರಿಂದ. ಆ ಹೆಸರನ್ನೇ ಉಳಿಸಿಕೊಳ್ಳುತ್ತೇನೆ.

ಸದ್ಯಕ್ಕೆ ನನ್ನ ಸಾಲು ಹೀಗಿದೆ: ‘ಎಲೆಗಳ ಕೆಳಗಿನಿಂದ ಬರುವ ಗುಣುಗು’. ಎಲೆಯನ್ನೂ ಬಾಯನ್ನೂ ಕೂಡಿಸಲು ಮೂರು ಪದ ಹೆಚ್ಚಿಗೆ ಬೇಕಾಯಿತು, ಅದೇ ಬೇಸರ. ಶಿರಸಿ, ತೀರ್ಥಹಳ್ಳಿ ಕಡೆಯವರಿದ್ದರೆ ಹೇಳಿ, ಗಾಳಿ ಜೋರಿಲ್ಲದಾಗ ತೋಟದಲ್ಲಿ ಅಡಿಕೆ ಸೋಗೆ ಒಂದಕ್ಕೊಂದು ತಾಗಿ ಆಗುವ ಸದ್ದಿಗೆ ನಿಮ್ಮ ಮನೆಯಲ್ಲಿ ಏನಂತಾರೆ? ಅದೇ ಪದವನ್ನು ಮನುಷ್ಯರಿಗೂ ಹೇಳುವುದುಂಟಾ?